ಪಕ್ಕದ ಕೇರಿಯ ಮಗುವಿನ ಹಕ್ಕು

ಕಿಬ್ಬನಹಳ್ಳಿ ಕ್ರಾಸಿನಲ್ಲಿ ಮಕ್ಕಳ ಹಕ್ಕುಗಳ ಹೋರಾಟಗಾರರು ಹೆಚ್ಚಾಗಿದ್ದಾರೆ. ಕೊಬ್ಬರಿ ಬೆಲೆ ಬಿದ್ದಾಗಲೆಲ್ಲ ಹೀಗಾಗುವುದುಂಟು. ತಿಪಟೂರಿಗೊಂದು, ತುರುವೇಕೆರೆಗೊಂದು, ಚಿಕ್ಕನಾಯಕನಹಳ್ಳಿಗೊಂದು ದಾರಿ ಕವಲೊಡೆಯುವ ಜಾಗ ಇದು. ಬಸ್ಸಿಗೆ ಕಾಯುವವರಿಗೆ ಪುರುಸೊತ್ತು ಜಾಸ್ತಿ, ಪುರುಸೊತ್ತಿದ್ದ ಕಡೆ ಸಮಾಜ ಸುಧಾರಣೆ ತಾನಾಗಿ ಮೊಳೆಯುತ್ತದೆ. ಸದ್ಯಕ್ಕೆ ಸುಧಾರಣೆಯಾಗಬೇಕಾಗಿರುವುದು ಸಾಬರ ಮುಂಜಿ. ಅದನ್ನು ನಿಷೇಧಿಸಬೇಕಂತೆ.

"ಹಸುಗೂಸು ಸಾ ಅದು! ಅದುನ್ನ ಯಾರಾದ್ರೂ ಒಂದ್ ಮಾತು ಕೇಳವ್ರಾ? ಅದ್ರ ಮೈ, ಅದ್ರ ಇಷ್ಟ. ಕತ್ತರಿ ಹಾಕಕ್ಕೆ ಇವ್ರ್ಯಾರು?" ಎಂದು ಟೀ ಅಂಗಡಿಯಲ್ಲಿ ಯಜಮಾನರೊಬ್ಬರು ಗುಡುಗುತ್ತಿದ್ದರು. ನಾಲ್ಕೆಕರೆ ತೆಂಗಿನ ತೋಟದ ದನಿ, ಹೆದ್ದಾರಿಯ ಆಚೆಗೂ ಕೇಳಿಸುವಂಥದ್ದು. ತೊಡೆಯ ಮೇಲೆ ಮೊಮ್ಮಗಳು ಕೂತಿದ್ದಳು. ಹಿಂದಿನ ದಿನವಷ್ಟೇ ಕಿವಿ ಚುಚ್ಚಿಸಿದ್ದರು. ಹಾಲೆ ಕೆಂಪಗೆ ಊದಿತ್ತು, ಮೇಲೆ ಅರಿಶಿನ, ಕೊಬ್ಬರಿ ಎಣ್ಣೆ, ಅದರ ಸುತ್ತ ಒಂದು ನೊಣ. ಮಗು ಕೈ ಎತ್ತಿದಾಗಲೆಲ್ಲ ತಾತ ಮಣಿಕಟ್ಟು ಹಿಡಿದು "ಮುಟ್ಬಾರ್ದು ಚಿನ್ನಾ, ಕೀವಾಗ್ತದೆ" ಎಂದು ರಮಿಸಿ, ಮತ್ತೆ ಮಗುವಿನ ಮೈ ಮಗುವಿನದೇ ಎಂಬ ವಾದಕ್ಕೆ ಮರಳುತ್ತಿದ್ದರು.

ಕಿವಿಯೂ ಅದೂ ಒಂದೇ ಅಲ್ಲ, ಒಪ್ಪಿದೆ. ಚುಚ್ಚಿದ್ದು ಮುಚ್ಚಿಕೊಳ್ಳಬಹುದು, ಕತ್ತರಿಸಿದ್ದು ಬೆಳೆಯುವುದಿಲ್ಲ. ತನ್ನ ದೇವರಿಗಾಗಿ ಅಪ್ಪ ಮಗನ ಮೈಮೇಲೆ ಎಷ್ಟು ದೂರ ಕೈ ಮಾಡಬಹುದು ಎಂಬುದು ನಿಜವಾದ ಪ್ರಶ್ನೆ, ದೊಡ್ಡ ಪ್ರಶ್ನೆ. ಆದರೆ ನಮ್ಮಲ್ಲಿ ಅದು ಅಟ್ಟದ ಮೇಲಿನ ಕೊಬ್ಬರಿಯಂತೆ, ಬೆಲೆ ಬಂದಾಗ ಮಾತ್ರ ಕೆಳಗಿಳಿಯುತ್ತದೆ. ಚುನಾವಣೆ ಹತ್ತಿರ ಬರಬೇಕು, ಇಲ್ಲವೇ ನಮ್ಮ ಆಚರಣೆಯೊಂದರ ಮೇಲೆ ಯಾರಾದರೂ ಬೆರಳಿಡಬೇಕು.

ಈ ಪ್ರಶ್ನೆಯನ್ನು ನೆಟ್ಟಗೆ ಕೇಳಿದ ಊರು ಜರ್ಮನಿಯ ಕಲೋನ್. ನಾಲ್ಕು ವರ್ಷದ ಮುಸ್ಲಿಂ ಹುಡುಗನೊಬ್ಬನಿಗೆ ಅಲ್ಲಿ ಡಾಕ್ಟರು ಖತ್ನಾ ಮಾಡಿದ ಮೇಲೆ ರಕ್ತ ನಿಲ್ಲದೆ ಪ್ರಕರಣ ಆಸ್ಪತ್ರೆಯಿಂದ ಕೋರ್ಟಿಗೆ ಹೋಯಿತು. ಧರ್ಮದ ಹೆಸರಲ್ಲಾದರೂ ಅದು ಮಗುವಿಗೆ ಮಾಡಿದ ಗಾಯವೇ, ತಂದೆತಾಯಿಯ ಒಪ್ಪಿಗೆಯಿಂದ ಅದು ಸಕ್ರಮವಾಗದು ಎಂದು 2012ರ ಮೇ 7ರಂದು ಅಲ್ಲಿನ ಪ್ರಾದೇಶಿಕ ನ್ಯಾಯಾಲಯ ಹೇಳಿತು. ಕಾನೂನೇ ಗೊಂದಲದಲ್ಲಿತ್ತೆಂದು ಡಾಕ್ಟರನ್ನು ಮಾತ್ರ ಬಿಟ್ಟಿತು. ಮುಸ್ಲಿಮರು ಸಿಟ್ಟಾದರು. ಹುಟ್ಟಿದ ಎಂಟನೇ ದಿನಕ್ಕೇ ಈ ವಿಧಿ ಮುಗಿಸುವ ಯಹೂದಿಗಳು ಇನ್ನೂ ಸಿಟ್ಟಾದರು. ಜರ್ಮನಿ ಕೂತುಕೊಂಡು ಯಹೂದಿಗಳಿಗೆ ಮಾನವೀಯತೆಯ ಪಾಠ ಹೇಳುವುದೆಂದರೆ! ಹೀಗೇ ಬಿಟ್ಟರೆ ನಾವು ಜಗತ್ತಿನ ಮುಂದೆ ನಗೆಪಾಟಲಾಗುತ್ತೇವೆ ಎಂಬರ್ಥದ ಮಾತನ್ನು ಚಾನ್ಸಲರ್ ಆಂಗೆಲಾ ಮರ್ಕೆಲ್ ತಮ್ಮ ಪಕ್ಷದವರ ಮುಂದೆ ಆಡಿದರು. ಅದೇ ಡಿಸೆಂಬರಿನಲ್ಲಿ ಸಂಸತ್ತು 434 ಮತಗಳಿಂದ ಹೊಸ ಕಾನೂನು ಮಾಡಿತು: ಮಾಡಿಸಿಕೊಳ್ಳಿ, ಆದರೆ ವೈದ್ಯಶಾಸ್ತ್ರದ ನಿಯಮದಂತೆ ಮಾಡಿಸಿ. ವಿರೋಧಕ್ಕೆ ಬಿದ್ದದ್ದು 100 ಮತ.

ನೆರೆಯ ಕೇರಳದಲ್ಲೂ ಒಂದು ಸಂಘಟನೆ ಮಕ್ಕಳ ಖತ್ನಾ ನಿಲ್ಲಿಸಿ ಎಂದು ಹೈಕೋರ್ಟಿಗೆ ಹೋಗಿತ್ತು. ಆ ಸುದ್ದಿಗೆ ನಮ್ಮ ಟೀ ಅಂಗಡಿ ಹಬ್ಬ ಮಾಡಿತು. ಅರ್ಜಿ ಹಾಕಿದವರು ಯಾವ ದೇವರನ್ನೂ ನಂಬದವರು, ನಮ್ಮ ದೇವರನ್ನೂ ಸೇರಿಸಿ, ಎಂದು ಗೊತ್ತಾದ ಮೇಲೆ ಹಬ್ಬ ತಿಥಿಯಾಯಿತು. 2023ರ ಮಾರ್ಚಿನಲ್ಲಿ ಹೈಕೋರ್ಟು ಆ ಅರ್ಜಿಯನ್ನು ವಜಾ ಮಾಡಿತು. ಪತ್ರಿಕೆಯ ವರದಿ ನಂಬಿಕೊಂಡು ಬಂದಿದ್ದೀರಿ, ಕಾನೂನು ಮಾಡುವುದು ನಮ್ಮ ಕೆಲಸವಲ್ಲ ಎಂದಿತು.

ಕಾನೂನು ಮಾಡುವವರು ಏನು ಮಾಡುತ್ತಾರೆಂದು ನೋಡಬೇಕಾದರೆ ನಮ್ಮ ರಾಜ್ಯದ್ದೇ ಇದೆ. ಅಮಾನವೀಯ ಆಚರಣೆ ಮತ್ತು ವಾಮಾಚಾರ ತಡೆಯುವ 2017ರ ಕಾಯ್ದೆ. ಅದನ್ನು ತಂದದ್ದು ಒಂದು ಪಕ್ಷ, ವಿರೋಧಿಸಿದ್ದು ಇನ್ನೊಂದು. 2020ರ ಜನವರಿಯಲ್ಲಿ ಜಾರಿಗೊಳಿಸಿದ್ದು ವಿರೋಧಿಸಿದವರೇ. ಅದರಲ್ಲಿ ಸಿಡಿ ಆಡುವಂತಿಲ್ಲ, ಮಡೆಸ್ನಾನ ಇಲ್ಲ, ಬೆತ್ತಲೆ ಸೇವೆ ಇಲ್ಲ. ಬಾಯಿಬೀಗವೆಂದು ಈ ಕೆನ್ನೆಯಿಂದ ಆ ಕೆನ್ನೆಗೆ ಸರಳು ತೂರಿಸುವಂತಿಲ್ಲ. ಕಾಯಿಲೆ ವಾಸಿಯಾಗಲೆಂದು ಮಗುವನ್ನು ಮುಳ್ಳಿನ ಮೇಲೆ ಎಸೆಯುವಂತಿಲ್ಲ. ಎಲ್ಲ ಸರಿ. ಹಾಗೇ ಪುಟ ಮಗುಚಿದರೆ ವಿನಾಯಿತಿಗಳ ಪಟ್ಟಿ: ವಾಸ್ತು, ಜ್ಯೋತಿಷ್ಯ, ಜೈನರ ಕೇಶಲೋಚನ, ಮಕ್ಕಳ ಕಿವಿ ಮೂಗು ಚುಚ್ಚುವುದು. ಕೆನ್ನೆಗೂ ಕಿವಿಗೂ ನಾಲ್ಕು ಬೆರಳಿನ ಅಂತರ. ಕರ್ನಾಟಕದ ವಿಚಾರವಾದ ಆ ನಾಲ್ಕು ಬೆರಳಿನೊಳಗೆ ಬಿಡಾರ ಹೂಡಿದೆ. ಜ್ಯೋತಿಷಿಯನ್ನು ಯಾಕೆ ಬಿಟ್ಟರು ಎಂದು ಕೇಳಬೇಡಿ. ಮಸೂದೆ ಮಂಡಿಸಲು ಒಳ್ಳೆಯ ಮುಹೂರ್ತ ಬೇಡವೇ?

ಅಷ್ಟು ಕಾಯ್ದೆಯೂ ನಮ್ಮ ಜಿಲ್ಲೆಯಲ್ಲಿ ಎಲ್ಲಿಯವರೆಗೆ ನಡೆದು ಬಂದಿದೆ? 2023ರ ಜುಲೈನಲ್ಲಿ ತುಮಕೂರಿನ ಮಗ್ಗುಲಲ್ಲೇ ಇರುವ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ, ಸೂತಕವೆಂದು ಬಾಣಂತಿಯನ್ನೂ ಕೂಸನ್ನೂ ಊರಾಚೆ ಗುಡಿಸಲಿನಲ್ಲಿ ಇಟ್ಟರು. ಮಳೆಗಾಲ, ಥಂಡಿ. ಕೂಸು ಸತ್ತುಹೋಯಿತು. ಅದಕ್ಕೂ ಒಂದು ಮೈ ಇತ್ತು, ಅದರ ಒಪ್ಪಿಗೆಯನ್ನೂ ಯಾರೂ ಕೇಳಿರಲಿಲ್ಲ. ಅಧಿಕಾರಿಗಳು ಹೋದರು, ಆಯೋಗ ಹೋಯಿತು, ಟಿವಿಯವರು ಹೋದರು. ನಮ್ಮ ಕ್ರಾಸಿನ ಹಕ್ಕುಹೋರಾಟಗಾರರು ಹೋಗಲಿಲ್ಲ. "ಅದು ಅವ್ರ ಸಂಪ್ರದಾಯ ಕಣ್ರೀ, ನಿಧಾನಕ್ಕೆ ತಿಳಿ ಹೇಳ್ಬೇಕು" ಎಂದರು. ಅದೂ ನಿಜವೇ. ಹಟ್ಟಿಗೆ ಆಶಾ ಕಾರ್ಯಕರ್ತೆ ನಡೆದುಹೋಗಿ ಹೇಳುವುದು ಪೊಲೀಸ್ ಜೀಪು ಹೋಗಿ ಹೇಳುವುದಕ್ಕಿಂತ ಎಷ್ಟೋ ಮೇಲು. ಆದರೆ ಆ ನಿಧಾನ ಪಕ್ಕದ ಕೇರಿಗೆ ಯಾಕೆ ಸಲ್ಲುವುದಿಲ್ಲವೋ!

ಧರ್ಮಸ್ವಾತಂತ್ರ್ಯದ ಬಗ್ಗೆ ನಮ್ಮ ಕೋರ್ಟುಗಳನ್ನು ಕೇಳೋಣವೆಂದರೆ ಅಲ್ಲಿ ಇನ್ನೊಂದು ತಮಾಷೆ. ಧರ್ಮಕ್ಕೆ ಅತ್ಯಗತ್ಯವಾದದ್ದಕ್ಕೆ ರಕ್ಷಣೆ ಉಂಟು ಎಂಬ ಅಳತೆಗೋಲು 1954ರಲ್ಲಿ ಬಂದದ್ದು ಉಡುಪಿಯ ಶಿರೂರು ಮಠದ ಮೊಕದ್ದಮೆಯಿಂದ. ಅಂದಿನಿಂದ ನ್ಯಾಯಾಧೀಶರು ಅರೆಕಾಲಿಕ ಪುರೋಹಿತರು, ಅರೆಕಾಲಿಕ ಮೌಲ್ವಿಗಳು. 2022ರ ಮಾರ್ಚಿನಲ್ಲಿ ನಮ್ಮ ಹೈಕೋರ್ಟು ಹಿಜಾಬು ಅತ್ಯಗತ್ಯವಲ್ಲ ಎಂದಿತು. ನಾಳೆ ಖತ್ನಾ ಆ ಕೋಲಿನ ಕೆಳಗೆ ಬಂದರೆ, ಕುರಾನಿನಲ್ಲಿ ಅದರ ಹೆಸರಿಲ್ಲ ಎಂದು ಒಬ್ಬ ವಕೀಲರು, ಪ್ರವಾದಿಯ ಪರಂಪರೆಯಲ್ಲಿದೆ ಎಂದು ಇನ್ನೊಬ್ಬರು ವಾದಿಸುತ್ತಾರೆ. ತೀರ್ಪು ಬರುವಷ್ಟರಲ್ಲಿ ಆ ಹುಡುಗನಿಗೆ ಮದುವೆಯಾಗಿರುತ್ತದೆ.

ಇನ್ನು ನಮ್ಮ ಯಜಮಾನರ ಹಿರಿಯ ಮಗನ ವಿಷಯ. ನ್ಯೂಜೆರ್ಸಿಯಲ್ಲಿದ್ದಾನೆ. ಅಲ್ಲಿ ಗಂಡುಮಗು ಹುಟ್ಟಿದರೆ ಮಾಡೋಣವೇ ಎಂದು ಆಸ್ಪತ್ರೆಯವರೇ ಕೇಳುವುದುಂಟು. ಅಪ್ಪ ಅಮ್ಮ ಸೈನು ಹಾಕಿದರೆ ಮಗು ಮನೆಗೆ ಬರುವ ಮುಂಚೆಯೇ ಕೆಲಸ ಮುಗಿದಿರುತ್ತದೆ. ಬಾಣಂತನಕ್ಕೆಂದು ಚಟ್ನಿಪುಡಿ, ಕೊಬ್ಬರಿ ಮಿಠಾಯಿ ಹೊತ್ತು ಹೋಗಿದ್ದ ಅಜ್ಜಿ ಡಯಾಪರ್ ಬಿಚ್ಚಿ ನೋಡಿ ಕಿಟಾರನೆ ಕಿರುಚಿದರಂತೆ. ಇದು ಯಜಮಾನರ ಬಾಯಿಂದ ಬಂದದ್ದಲ್ಲ, ಅಜ್ಜಿಯೇ ನಮ್ಮ ಮನೆಯಾಕೆಗೆ ಹೇಳಿದ್ದು. ಮೊನ್ನೆ ಮೆಲ್ಲಗೆ ಆ ವಿಷಯ ತೆಗೆದೆ. ಯಜಮಾನರು ಟೀ ಲೋಟ ಕೆಳಗಿಟ್ಟು, "ಅದು ಹೈಜೀನು ಸಾ. ಸೈನ್ಸು. ಧರ್ಮ ಅಲ್ಲ" ಎಂದರು.

ಆ ಸೈನ್ಸಿನ ಹುಟ್ಟನ್ನು ಅವರಿಗೆ ಹೇಳುವ ಧೈರ್ಯ ನನಗಿರಲಿಲ್ಲ, ಇಲ್ಲಿ ಹೇಳುತ್ತೇನೆ. ಹತ್ತೊಂಬತ್ತನೇ ಶತಮಾನದ ಕೊನೆಗೆ ಅಮೆರಿಕದಲ್ಲಿ ಅದನ್ನು ಸಾರಿದವರಲ್ಲಿ ಕಾರ್ನ್‌ಫ್ಲೇಕ್ಸ್ ಖ್ಯಾತಿಯ ಕೆಲಾಗ್ ಮನೆತನದ ಡಾಕ್ಟರ್ ಜಾನ್ ಹಾರ್ವಿ ಕೆಲಾಗ್ ಒಬ್ಬರು. ಹುಡುಗರು ಹಸ್ತಮೈಥುನ ಬಿಡಲೆಂದು, ಅರಿವಳಿಕೆ ಕೊಡದೆ ಕೊಯ್ಯಿರಿ, ಆ ನೋವೂ ಒಂದು ಪಾಠ ಎಂದು ಬೋಧಿಸಿದ ಮಹಾನುಭಾವರು. ಮುಂದೆ ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿ, ಕಲೋನ್ ತೀರ್ಪು ಬಂದ ಅದೇ 2012ರಲ್ಲಿ, ಅಪಾಯಕ್ಕಿಂತ ಲಾಭ ಹೆಚ್ಚು, ಆದರೂ ಎಲ್ಲ ಮಕ್ಕಳಿಗೂ ಮಾಡಿ ಎನ್ನುವಷ್ಟು ಹೆಚ್ಚಲ್ಲ ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟಿತು. ಅಂತೂ ಕತ್ತರಿ ಒಂದೇ. ಡಾಲರಿನಲ್ಲಿ ಬಿಲ್ಲು ಬಂದರೆ ಹೈಜೀನು, ಕೇರಿಯಲ್ಲಿ ಹೂವಿನ ಹಾರ ಹಾಕಿ ಸಿಹಿ ಹಂಚಿದರೆ ಅನಾಗರಿಕತೆ.

ಇಷ್ಟಾದರೂ ಹೋರಾಟ ನಿಲ್ಲಬಾರದಲ್ಲ. ರಿಟೈರ್ಡ್ ಮೇಷ್ಟ್ರೊಬ್ಬರು ಒಂದು ಮನವಿ ಬರೆದುಕೊಟ್ಟರು. ದೇವರ ಹೆಸರಲ್ಲಿ ಹದಿನೆಂಟು ತುಂಬದ ಯಾವ ಮಗುವಿನ ಮೈಯನ್ನೂ ಚುಚ್ಚಬಾರದು, ಕೊಯ್ಯಬಾರದು, ಬರೆ ಹಾಕಬಾರದು ಎಂದಷ್ಟೇ ಅದರಲ್ಲಿತ್ತು. ಸೈನಿಗೆ ಪೆನ್ನು ತೆಗೆದವರು ಎರಡನೇ ಸಾಲಿಗೆ ಬರುವಷ್ಟರಲ್ಲಿ ಕ್ಯಾಪು ಹಾಕಿದರು. "ಕಿವಿನೂ ಸೇರ್ತದಾ ಮೇಷ್ಟ್ರೇ?" ಎಂದರು ಯಜಮಾನರು. ಸೇರುತ್ತದೆ ಎಂದರು ಮೇಷ್ಟ್ರು. ಯಜಮಾನರಿಗೆ ತಟ್ಟನೆ ತುರುವೇಕೆರೆ ಬಸ್ಸು ಕಂಡಿತು.

ಗೋಣಿಚೀಲದ ವ್ಯಾಪಾರದ ಸಾಹೇಬರು ಅಲ್ಲೇ ಬಾಕಿ ವಸೂಲಿಗೆ ಬಂದಿದ್ದರು. ಮನವಿಯನ್ನು ಪೂರ್ತಿ ಓದಿದವರು ಅವರೊಬ್ಬರೇ. "ಇದಕ್ಕೆ ನಾನು ಸೈನ್ ಹಾಕಲ್ಲ ಮೇಷ್ಟ್ರೇ, ನಮ್ಮ ಅಪ್ಪ ಅಜ್ಜಂದಿರು ನಡೆಸ್ಕೊಂಡು ಬಂದಿದ್ದು. ಆದ್ರೆ ನನಗೆ ಮಾಡ್ದಾಗ ಬ್ಲೇಡಲ್ಲಿ ಕೊಯ್ದು ಬೂದಿ ಹಾಕಿದ್ರು, ಹದಿನೈದು ದಿನ ಜ್ವರ. ಮಗನ್ನ ಡಾಕ್ಟ್ರ ಹತ್ರಾನೇ ಕರ್ಕೊಂಡೋದೆ. ದುಡ್ಡಿಲ್ದೋರಿಗೂ ಸರ್ಕಾರಿ ಆಸ್ಪತ್ರೇಲಿ ಮಾಡ್ಲಿ, ಬ್ಲೇಡಿನೋರ್ನ ನಿಲ್ಸಿ ಅನ್ನೋ ಅರ್ಜಿ ಇದ್ರೆ ಕೊಡಿ, ಈಗಲೇ ಹಾಕ್ತೀನಿ."

ಅಂಥ ಅರ್ಜಿ ಯಾರ ಜೇಬಿನಲ್ಲೂ ಇರಲಿಲ್ಲ. ಪಕ್ಕದ ಝೆರಾಕ್ಸ್ ಅಂಗಡಿಯಲ್ಲಿ ವಿಚಾರಿಸಿದೆವು. ನಿಷೇಧದ್ದು ಮಾತ್ರ ಇದೆ, ಇನ್ನೂರು ಪ್ರತಿ, ಎರಡೂ ಬದಿ ಪ್ರಿಂಟು, ದುಡ್ಡು ಇನ್ನೂ ಬಂದಿಲ್ಲ ಎಂದ ಹುಡುಗ.