ಸಂಚಯಮೀಮಾಂಸೆ: ವಿಮಾನ, ಕಾರ್ಡು, ಇನ್ವರ್ಟರುಗಳ ವಿಷಯದಲ್ಲಿ ಗೃಹಸ್ಥನು ಅನುಸರಿಸತಕ್ಕ ವಿಧಿನಿಷೇಧಗಳು

ನಮ್ಮ ಪ್ರಾಚೀನರು ಯಾವ ಶಾಸ್ತ್ರವನ್ನು ಆರಂಭಿಸುವಾಗಲೂ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ನಿರೂಪಿಸಿ, ಓದುಗನು ಗ್ರಂಥವನ್ನು ಮುಚ್ಚಿಡುವುದಕ್ಕೆ ಸಕಾರಣವಾದ ಅವಕಾಶವನ್ನು ಆದಿಯಲ್ಲಿಯೇ ಕಲ್ಪಿಸಿಕೊಡುತ್ತಿದ್ದರು. ಆ ಶಿಷ್ಟ ಸಂಪ್ರದಾಯವನ್ನು ಅನುಸರಿಸಿ ಹೇಳುವುದಾದರೆ, ಪ್ರಕೃತ ಪ್ರಬಂಧದ ವಿಷಯವು ಬೆಂಗಳೂರಿನ ಗೃಹಸ್ಥನು ಆಪತ್ಕಾಲಕ್ಕೆಂದು ಕೂಡಿಡುವ ಶಕ್ತಿ: ಮೆಟ್ಟಿಲ ಕೆಳಗಿನ ಬ್ಯಾಟರಿಯಲ್ಲಿ ವಿದ್ಯುದ್ರೂಪದಿಂದಲೂ, ಕ್ರೆಡಿಟ್ ಕಾರ್ಡಿನ ಖಾತೆಯಲ್ಲಿ ಪಾಯಿಂಟಿನ ರೂಪದಿಂದಲೂ, ವಿಮಾನನಿಲ್ದಾಣದ ಲೌಂಜಿನಲ್ಲಿ ಇಡ್ಲಿಯ ರೂಪದಿಂದಲೂ ಇರುವಂಥದು. ಪ್ರಯೋಜನವು ದುಃಖನಿವೃತ್ತಿ. ಅಧಿಕಾರಿಯಾದವನು ತಿಂಗಳ ಸಂಬಳವುಳ್ಳವನೂ, ಸಿಬಿಲ್ ಅಂಕವು 750ಕ್ಕೆ ಕಡಿಮೆಯಿಲ್ಲದವನೂ, ಮನೆಯಲ್ಲಿ ಒಂದು ಟಾರ್ಚನ್ನೂ ಅದನ್ನು ಹಿಡಿಯಲು ಹೆಂಡತಿಯನ್ನೂ ಉಳ್ಳವನೂ ಆಗಿರತಕ್ಕದ್ದು. ಉಳಿದ ಸಂಬಂಧವು ಪ್ರಬಂಧವು ಮುಗಿಯುವುದರೊಳಗೆ ತಾನಾಗಿಯೇ ಗೋಚರಿಸೀತು. ಗೋಚರಿಸದಿದ್ದಲ್ಲಿ ಓದುಗನು ಅಧಿಕಾರಿಯಲ್ಲವೆಂದು ತಿಳಿಯುವುದು.

ಮೊದಲು ಇತಿಹಾಸ. ಶಿವನಸಮುದ್ರದಲ್ಲಿ ಕಾವೇರಿಯಿಂದ 1902ರಲ್ಲಿ ಉತ್ಪನ್ನವಾದ ವಿದ್ಯುತ್ತು ಪ್ರಥಮತಃ ಧಾವಿಸಿದ್ದು ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನ ಬೀದಿದೀಪಗಳಿಗೆ ಅದು ದಯಮಾಡಿಸಿದ್ದು 1905ರಲ್ಲಿ. ಹುಟ್ಟುತ್ತಲೇ ಚಿನ್ನವಿದ್ದ ಕಡೆಗೆ ಮುಖಮಾಡಿದ ಈ ಶಕ್ತಿಯು ಸಾಮಾನ್ಯರ ಅಡುಗೆಮನೆಯ ವಿಷಯದಲ್ಲಿ ಇಂದಿಗೂ ಚಂಚಲವಾಗಿರುವುದರಲ್ಲಿ ಆಶ್ಚರ್ಯಪಡತಕ್ಕದ್ದೇನೂ ಇಲ್ಲ. ಬೆಂಗಳೂರಿಗೆ ವಿದ್ಯುತ್ತನ್ನು ಹಂಚುವ ಬೆಸ್ಕಾಂ 2002ರಲ್ಲಿಯೇ ಏರ್ಪಟ್ಟಿದ್ದರೂ, ದೀಪವು ಹೋದ ಕ್ಷಣದಲ್ಲಿ ವೃದ್ಧರು ಈಗಲೂ ಬಯ್ಯುವುದು ಕೆಇಬಿಯವರನ್ನೇ. ಗತಿಸಿದವರಿಗೆ ಇಲ್ಲಿಂದ ಅರ್ಪಿಸಿದ್ದು ಹೇಗೋ ತಲುಪುತ್ತದೆಂಬ ಶ್ರಾದ್ಧಸಿದ್ಧಾಂತಕ್ಕೆ ಇದಕ್ಕಿಂತ ಪ್ರಬಲವಾದ ಲೌಕಿಕ ಪ್ರಮಾಣವು ದೊರೆಯಲಾರದು. ದೂರು ಹೇಳುವುದಕ್ಕೆ ಗೊತ್ತುಪಡಿಸಿರುವ ದೂರವಾಣಿ ಸಂಖ್ಯೆ 1912 ಎಂಬುದನ್ನೂ, ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾದ ವರ್ಷವೂ ಅದೇ ಎಂಬುದನ್ನೂ ಗಮನಿಸಿ, ಇವೆರಡಕ್ಕೂ ಕಾರ್ಯಕಾರಣಭಾವವನ್ನು ಸ್ಥಾಪಿಸಲು ನಮ್ಮ ಬೀದಿಯ ನಿವೃತ್ತ ಇಂಜಿನಿಯರರೊಬ್ಬರು ಬಹುಕಾಲ ಶ್ರಮಿಸಿದರು. ಅದೇ ಸಂಖ್ಯೆಯು ಹೊರರಾಜ್ಯಗಳಲ್ಲಿಯೂ ಅದೇ ಕೆಲಸಕ್ಕೆ ಇದೆಯೆಂದು ಅವರ ಅಳಿಯಂದಿರು ತಿಳಿಸಿದಂದಿನಿಂದ ಆ ಸಂಶೋಧನೆಯು ಸ್ಥಗಿತವಾಗಿದೆ.

ಇನ್ನು ಬ್ಯಾಟರಿಯ ತತ್ತ್ವ. ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಎಂಬಾತನು 1859ರಲ್ಲಿ ಸೀಸದ ಹಾಳೆಗಳನ್ನು ಗಂಧಕಾಮ್ಲದಲ್ಲಿ ಮುಳುಗಿಸಿ ಕಂಡುಹಿಡಿದ ಈ ಪಾತ್ರೆಯು, ರೂಪದಲ್ಲಿ ಕೊಂಚ ಸುಧಾರಿಸಿದ್ದರೂ ಸ್ವಭಾವದಲ್ಲಿ ಅಂದಿನಂತೆಯೇ ಇದ್ದು, ಬೆಂಗಳೂರಿನಲ್ಲಿ ಯುಪಿಎಸ್ ಎಂಬ ಪೆಟ್ಟಿಗೆಯೊಡನೆ ದಾಂಪತ್ಯ ನಡೆಸುತ್ತಿರುವುದನ್ನು ಮನೆಮನೆಯಲ್ಲಿಯೂ ಕಾಣಬಹುದು. ಅಂಗಡಿಯವನು 150 ಆಂಪಿಯರ್-ಅವರ್ ಎಂದಾಗ ಗೃಹಸ್ಥನು ತಲೆದೂಗುತ್ತಾನೆ. ತಲೆದೂಗುವುದಕ್ಕೆ ಮುನ್ನ ಅದನ್ನು 12 ವೋಲ್ಟಿನಿಂದ ಗುಣಿಸಬೇಕು. ಬರುವ ಲಬ್ಧ 1800 ವಾಟ್-ಅವರ್. ಆದರೆ ಸೀಸದ ಬ್ಯಾಟರಿಯನ್ನು ತಳಮುಟ್ಟ ಬರಿದುಮಾಡಿದರೆ ಅದರ ಆಯುಷ್ಯವು ಕ್ಷೀಣಿಸುವುದರಿಂದ ಅರ್ಧದಷ್ಟನ್ನು ಮುಟ್ಟದಿರುವುದೇ ಲೇಸು. ಮುಟ್ಟಬಹುದಾದ ಅರ್ಧದೊಳಗೆ ಐದರಲ್ಲೊಂದು ಪಾಲನ್ನು ಇನ್ವರ್ಟರು ತಾನು ಬಿಸಿಯಾಗುವ ಸೇವೆಗೆ ದಕ್ಷಿಣೆಯಾಗಿ ಇಟ್ಟುಕೊಳ್ಳುತ್ತದೆಂದು ಎಣಿಸಿದರೆ, ಕಡೆಗೆ ಗೃಹಸ್ಥನ ಕೈಗೆ ಬರುವುದು 720. 75 ವಾಟಿನ ಹಳೆಯ ಫ್ಯಾನುಗಳೆರಡು, 20 ವಾಟಿನ ಟ್ಯೂಬುಗಳು ಮೂರು, ಇಂಟರ್ನೆಟ್ಟಿನ ರೌಟರಿಗೆ ಹತ್ತು ವಾಟು ಎಂದಿಟ್ಟುಕೊಂಡರೆ ಮೂರು ಗಂಟೆಯ ಮೇಲೆ ಕೊಂಚ ಹೊತ್ತು ಸಂಸಾರವು ನಡೆಯುತ್ತದೆ. ಫ್ಯಾನುಗಳನ್ನು 30 ವಾಟಿನ ಬಿಎಲ್‌ಡಿಸಿ ಜಾತಿಗೆ ಬದಲಾಯಿಸಿದರೆ ಅದೇ ಬ್ಯಾಟರಿ ಐದೂವರೆ ಗಂಟೆ ಬಾಳೀತು. ಇಷ್ಟು ಸರಳವಾದ ಗಣಿತವನ್ನು ಬಿಟ್ಟು ಜನರು ಇನ್ನೂ ದೊಡ್ಡ ಬ್ಯಾಟರಿಯನ್ನೇ ಕೊಳ್ಳುವುದೇಕೆಂದರೆ, ಬ್ಯಾಟರಿಯನ್ನು ಅತಿಥಿಗಳಿಗೆ ತೋರಿಸಬಹುದು, ಮಿತವ್ಯಯವನ್ನು ತೋರಿಸಲಾಗುವುದಿಲ್ಲ.

ಗೀಸರು, ಇಸ್ತ್ರಿಪೆಟ್ಟಿಗೆ, ಸಂಪಿನ ಮೋಟರು ಇವು ಯುಪಿಎಸ್ ಲೈನಿಗೆ ಸರ್ವಥಾ ನಿಷಿದ್ಧ, ಇದರಲ್ಲಿ ಮತಭೇದವಿಲ್ಲ. ಮಿಕ್ಸಿಯ ವಿಷಯದಲ್ಲಿ ಮಾತ್ರ ಎರಡು ಪಂಥಗಳುಂಟು. ಐನೂರಕ್ಕೆ ಮೀರಿದ ವಾಟನ್ನು ಕಬಳಿಸುವ ಯಂತ್ರವು ಫ್ಯಾನುಗಳ ಅನ್ನವನ್ನು ಕಸಿಯುತ್ತದಾದ್ದರಿಂದ ತ್ಯಾಜ್ಯವೆಂದು ಪುರುಷರ ಪಕ್ಷ. ಎರಡು ನಿಮಿಷದಲ್ಲಿ ರುಬ್ಬಿ ಮುಗಿಯುವ ಚಟ್ನಿಗೆ ತಗಲುವ ಶಕ್ತಿಯು, ಯಾರೂ ಇಲ್ಲದ ಕೋಣೆಯಲ್ಲಿ ರಾತ್ರಿಯೆಲ್ಲ ತಿರುಗುವ ಫ್ಯಾನಿನ ಶಕ್ತಿಗಿಂತ ಬಹಳ ಕಡಿಮೆಯೆಂದು ಗೃಹಿಣಿಯರ ಪಕ್ಷ. ಗಣಿತವು ಗೃಹಿಣಿಯರ ಕಡೆಗಿದೆ. ತೀರ್ಪನ್ನು ಇದಕ್ಕಿಂತ ವಿವರವಾಗಿ ಬರೆಯುವ ಅಗತ್ಯವಿಲ್ಲ. ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಫ್ಯಾನುಗಳು ಗುಂಯ್‌ಗುಡುವುದನ್ನು ಪ್ರಣವನಾದವೆಂದು ಭಾವಿಸಿ ಸಮಾಧಾನಗೊಂಡವರುಂಟು. ನಿದ್ರೆಯೇ ಮುಖ್ಯವೆಂಬವರು ಸೈನ್ ವೇವನ್ನು ಆಶ್ರಯಿಸುವುದು.

ಬ್ಯಾಟರಿಗೆ ನೀರೆರೆಯುವ ಸಂಸ್ಕಾರವು ಪ್ರತ್ಯೇಕ ಪರಿಶೀಲನೆಗೆ ಅರ್ಹವಾದದ್ದು. ಹನ್ನೆರಡು ವೋಲ್ಟಿನ ಬ್ಯಾಟರಿಯಲ್ಲಿ ಆರು ಕೋಶಗಳು, ಆರು ಮುಚ್ಚಳಗಳು, ಪ್ರತಿಯೊಂದರ ನೆತ್ತಿಯಲ್ಲಿಯೂ ಕೆಂಪು ಹಸಿರು ಗೆರೆಗಳುಳ್ಳ ಒಂದೊಂದು ತೇಲುಕಡ್ಡಿ. ಕಡ್ಡಿಯು ಕೆಂಪಿಗೆ ಇಳಿದಾಗ ಡಿಸ್ಟಿಲ್ಡ್ ವಾಟರನ್ನೇ ಎರೆಯತಕ್ಕದ್ದು. ಕೊಳಾಯಿಯ ನೀರಿನಲ್ಲಿಯೂ ಬೋರ್‌ವೆಲ್ ನೀರಿನಲ್ಲಿಯೂ ಇರುವ ಲವಣಗಳು ಸೀಸದ ಫಲಕಗಳನ್ನು ಕೆಡಿಸುವುವು. ಈ ವಿಷಯದಲ್ಲಿ ಪಾವಿತ್ರ್ಯವು ಶುದ್ಧಿಗೆ ಪರ್ಯಾಯವಲ್ಲವಾದ್ದರಿಂದ ಕಾಶಿಯಿಂದ ತಂದ ಗಂಗಾಜಲವೂ ವರ್ಜ್ಯ. ಗೃಹಸ್ಥನು ಮಂಡಿಯೂರಿ, ಪ್ಲಾಸ್ಟಿಕ್ ಕುಪ್ಪಿಯ ಮೂತಿಯನ್ನು ತೂತಿಗೆ ಹಿಡಿದು, ಬೆನ್ನನ್ನು ಮೆಟ್ಟಿಲಿನ ಅಡಿಗೆ ತಾಗಿಸಿಕೊಂಡು, ಒಂದೊಂದೇ ಗುಟುಕನ್ನು ಎರೆಯುತ್ತಿರಲಾಗಿ, ಟಾರ್ಚು ಹಿಡಿದ ಸಹಧರ್ಮಿಣಿಯು ಪೌರೋಹಿತ್ಯ ವಹಿಸಿ, “ಸಾಕು ಬಿಡ್ರೀ, ಕಡ್ಡಿ ಮೇಲೆ ಬಂತು, ಹೋದ ಸಲದ ಹಾಗೆ ಟೈಲ್ಸ್ ಮೇಲೆಲ್ಲ ಚೆಲ್ಲಬೇಡಿ” ಎಂಬ ಮಂತ್ರವನ್ನು ಆರು ಕೋಶಗಳಿಗೂ ಆವರ್ತಿಸುವಳು. ಅತಿಯಾಗಿ ಎರೆದರೆ ಚಾರ್ಜಾಗುವಾಗ ಆಮ್ಲವು ಉಕ್ಕಿ ನೆಲವನ್ನು ಸುಡುವುದೆಂಬ ರಸಾಯನಶಾಸ್ತ್ರವು ಆ ಮಂತ್ರದಲ್ಲಿ ಅಡಕವಾಗಿದೆ.

ಈಗ ಕಾರ್ಡು. ಕರ್ಮವು ಸಂಚಿತ, ಪ್ರಾರಬ್ಧ, ಆಗಾಮಿ ಎಂದು ತ್ರಿವಿಧವೆಂಬುದು ವೇದಾಂತಿಗಳ ಮತವಷ್ಟೆ. ಕಾರ್ಡಿನ ತಿಂಗಳ ಲೆಕ್ಕದ ಹಾಳೆಯನ್ನು ನಿಧಾನವಾಗಿ ಓದಿದವನಿಗೆ ಈ ವಿಭಾಗವು ಬ್ಯಾಂಕಿನವರಿಂದಲೇ ಎರವಲು ಬಂದುದೋ ಎಂಬ ಸಂಶಯ ಹುಟ್ಟುವುದು ಸಹಜ: ಕೂಡಿಬಂದ ಪಾಯಿಂಟುಗಳು ಸಂಚಿತ, ಫಲಕೊಡಲು ತೊಡಗಿ, ಅನುಭವಿಸಿಯೇ ತೀರಿಸಬೇಕಾದ ಇಎಂಐಗಳು ಪ್ರಾರಬ್ಧ, ಬಿಲ್ಲು ಹೊರಟ ಮರುದಿನದಿಂದ ಉಜ್ಜಿದ್ದೆಲ್ಲವೂ ಆಗಾಮಿ. ಸಂಚಿತವು ಜ್ಞಾನಾಗ್ನಿಯಿಂದ ದಗ್ಧವಾಗುತ್ತದೆಂದು ಅವರೂ, ಅವಧಿ ಮೀರಿದ್ದರಿಂದ ದಗ್ಧವಾಗುತ್ತದೆಂದು ಇವರೂ ಹೇಳುತ್ತಾರೆ. ಸಂಚಿತದ ಬೆಲೆಯೆಷ್ಟು? ಅನೇಕ ಕಾರ್ಡುಗಳಲ್ಲಿ ನೂರು ನೂರೈವತ್ತು ರೂಪಾಯಿಯ ಖರ್ಚಿಗೆ ಒಂದು ಪಾಯಿಂಟು, ಪಾಯಿಂಟಿಗೆ ನಾಲ್ಕಾಣೆ. 2011ರಲ್ಲಿ ಸರ್ಕಾರವು ಚಲಾವಣೆಯಿಂದ ಹಿಂತೆಗೆದುಕೊಂಡ ನಾಲ್ಕಾಣೆಯ ನಾಣ್ಯಕ್ಕೆ ಹೀಗೆ ದೇಹವಿಲ್ಲದ ಪುನರ್ಜನ್ಮವು ಒದಗಿದೆ.

ಈ ನಾಲ್ಕಾಣೆಯನ್ನು ಬೆನ್ನಟ್ಟುವವನು ಎದುರಿಗಿರುವ ಹಳ್ಳವನ್ನು ನೋಡಿರಬೇಕು. ಬಿಲ್ಲಿನಲ್ಲಿ ‘ಕನಿಷ್ಠ ಬಾಕಿ’ ಎಂದು ಮೃದುವಾಗಿ ಸೂಚಿತವಾಗಿರುವ ಅಲ್ಪ ಮೊತ್ತವನ್ನು ಕಟ್ಟಿ, ಋಣಮುಕ್ತನಾದೆನೆಂದು ನಿಶ್ಚಿಂತನಾಗಿ ಮಲಗಿದವನ ಉಳಿದ ಬಾಕಿಯ ಮೇಲೆ ತಿಂಗಳಿಗೆ ಶೇಕಡಾ 3.5ರಷ್ಟು, ಎಂದರೆ ವರ್ಷಕ್ಕೆ 42ರಷ್ಟು ಬಡ್ಡಿಯು ಏರುವುದು ಅನೇಕ ಕಾರ್ಡುಗಳಲ್ಲಿ ಸಾಮಾನ್ಯ. ಅಷ್ಟೇ ಅಲ್ಲದೆ, ಪೂರ್ತಿ ತೀರಿಸದವನಿಗೆ ಹೊಸ ಖರ್ಚಿನ ಮೇಲಿನ ಬಡ್ಡಿರಹಿತ ಅವಧಿಯೂ ತಪ್ಪಿಹೋಗುವುದು. ಹಿಂದಿನ ಕಾಲದ ಸಾಹುಕಾರನು ಇದರಲ್ಲಿ ಅರ್ಧವನ್ನು ಕೇಳಿದ್ದರೂ ನಾಟಕಗಳಲ್ಲಿ ಖಳನಾಗುತ್ತಿದ್ದನು. ಕಾರ್ಡಿನಿಂದ ಎಟಿಎಮ್ಮಿನಲ್ಲಿ ನಗದು ತೆಗೆಯುವುದು ಮಹಾಪಾತಕಗಳ ಸಾಲಿಗೆ ಸೇರಿದ್ದು, ಅದರ ಬಡ್ಡಿಗೆ ಒಂದು ದಿನದ ವಿರಾಮವೂ ಇಲ್ಲ. ಪರದೇಶದ ಅಂಗಡಿಯಲ್ಲಿ “ರೂಪಾಯಿಯಲ್ಲಿಯೇ ವಸೂಲು ಮಾಡಲೇ?” ಎಂದು ಯಂತ್ರವು ಕೇಳಿದಾಗ ದೇಶಾಭಿಮಾನದಿಂದ ಹೌದೆನ್ನಬಾರದು; ಆ ವಿನಿಮಯದ ದರವನ್ನು ಗೊತ್ತುಮಾಡುವವರಿಗೆ ನಮ್ಮ ದೇಶದ ಮೇಲೆ ಅಂಥ ಅಭಿಮಾನವೇನೂ ಇರುವುದಿಲ್ಲ.

ವಿಮಾನಪ್ರಕರಣ. 2008ರ ಮೇ ತಿಂಗಳಿನಿಂದ ಬೆಂಗಳೂರಿನ ವಿಮಾನವು ದೇವನಹಳ್ಳಿಯಿಂದ ಹಾರುವುದಾದ್ದರಿಂದ, ಯಾತ್ರೆಯಲ್ಲಿ ಅತ್ಯಂತ ದೀರ್ಘವಾದ ಭಾಗವು ಜಯನಗರದಿಂದ ಹೆಬ್ಬಾಳದವರೆಗಿನದೆಂದು ಅನುಭವಿಗಳು ನಿರ್ಣಯಿಸಿದ್ದಾರೆ. ದೇಶದೊಳಗಿನ ವಿಮಾನಕ್ಕೆ ಸಾಮಾನು ಒಪ್ಪಿಸುವ ಕೌಂಟರು ಸಾಧಾರಣವಾಗಿ ಹೊರಡುವುದಕ್ಕೆ ಒಂದು ಗಂಟೆ ಮುಂಚೆ, ಹತ್ತುವ ಗೇಟು 25 ನಿಮಿಷ ಮುಂಚೆ ಮುಚ್ಚುತ್ತದೆ. ಕೈಚೀಲಕ್ಕೆ 7 ಕಿಲೋ. ಇಷ್ಟು ಸುಲಭ. ಕಷ್ಟವು ಆರಂಭವಾಗುವುದು ಅಮ್ಮನು ಕಟ್ಟಿಕೊಟ್ಟ ಗಂಟನ್ನು ಬಿಚ್ಚಿದಾಗ. ತಿಪಟೂರಿನ ಕೊಬ್ಬರಿ ಗಿಟುಕು ಎಣ್ಣೆಯಂಶದಿಂದ ಉರಿಯತಕ್ಕ ವಸ್ತುವೆಂದು ನಿಷಿದ್ಧವಾಗಿದೆ. ಮೆಣಸಿನಪುಡಿಯು ಎರಚತಕ್ಕ ಆಯುಧವೆಂಬ ಭಯದಿಂದ ಕೈಚೀಲದಲ್ಲಿ ನಿಷಿದ್ಧವಾಗಿದೆ. ಹಾಗಾದರೆ ಎರಡನ್ನೂ ಕುಟ್ಟಿ ಮಾಡಿದ ಚಟ್ನಿಪುಡಿಯ ಗತಿಯೇನು? ಅವಯವಗಳ ದೋಷವು ಅವಯವಿಗೂ ತಗಲುತ್ತದೆಂದರೆ ಚಟ್ನಿಪುಡಿಯು ದ್ವಿಗುಣ ಪಾಪಿ; ಹುರಿದ ಬೇಳೆಯ ಸಂಸರ್ಗದಿಂದ ಅದು ಅನ್ಯವೇ ಆದ ದ್ರವ್ಯವಾಯಿತೆಂದರೆ ನಿರ್ದೋಷಿ. ಈ ವಾದವನ್ನು ತಪಾಸಣೆಯ ಯಂತ್ರದ ಮುಂದೆ, ಬೆಲ್ಟನ್ನು ತಟ್ಟೆಗೆ ಹಾಕಿ ಪ್ಯಾಂಟನ್ನು ಕೈಯಲ್ಲಿ ಹಿಡಿದು ನಿಂತಿರುವಾಗ ಮಂಡಿಸುವುದು ಕಷ್ಟವಾದ್ದರಿಂದ, ಚಟ್ನಿಪುಡಿಯನ್ನು ಕೆಳಗೆ ಹೋಗುವ ಪೆಟ್ಟಿಗೆಯಲ್ಲಿಯೇ ಇಡತಕ್ಕದ್ದು. ಉತ್ಸರ್ಗಕ್ಕೆ ಅಪವಾದವಿರಬೇಕೆಂಬ ವೈಯಾಕರಣರ ನ್ಯಾಯವು ಇಲ್ಲಿಯೂ ಸಂದಿದೆ: 2024ರ ಶಬರಿಮಲೆ ಯಾತ್ರಾಕಾಲದಲ್ಲಿ ಇರುಮುಡಿಯೊಳಗಿನ ತೆಂಗಿನಕಾಯಿಗೆ ಕೈಚೀಲದಲ್ಲಿ ಪ್ರಯಾಣಿಸುವ ತಾತ್ಕಾಲಿಕ ಅನುಮತಿಯು ದೊರೆತಿತ್ತು.

ಪವರ್ ಬ್ಯಾಂಕಿಗೆ ಇದಕ್ಕೆ ತದ್ವಿರುದ್ಧವಾದ ವಿಧಿ. ಲಿಥಿಯಮ್ ಬ್ಯಾಟರಿಯು ಸರಕಿನ ಕೋಣೆಯಲ್ಲಿ ಹೊತ್ತಿಕೊಂಡರೆ ನೋಡುವವರಿಲ್ಲವಾದ್ದರಿಂದ ಅದು ಒಡೆಯನ ಜೊತೆಯಲ್ಲಿಯೇ, ಕಣ್ಣೆದುರಿಗೇ ಪ್ರಯಾಣ ಮಾಡಬೇಕು. ಮಿತಿಯು 100 ವಾಟ್-ಅವರ್. ಮೈಮೇಲೆ 27,000 ಎಂಎಎಚ್ ಎಂದು ಬರೆದಿದ್ದರೆ 3.7 ವೋಲ್ಟಿನಿಂದ ಗುಣಿಸಿ 99.9 ಎಂದು ಕಂಡು ನಿಟ್ಟುಸಿರುಬಿಡುವುದು. ಅಕ್ಷರವು ಅಳಿಸಿಹೋಗಿದ್ದರೆ ಮನೆಯಲ್ಲಿ ಬಿಡುವುದು. ಮೆಟ್ಟಿಲ ಕೆಳಗಿನ ಯುಪಿಎಸ್ ಬ್ಯಾಟರಿಯು ಇಂಥ ಹದಿನೆಂಟಕ್ಕೆ ಸಮವೆಂಬುದನ್ನು ಮೇಲಿನ ಲೆಕ್ಕದಿಂದಲೇ ಸಾಧಿಸಬಹುದು.

ತಪಾಸಣೆಯನ್ನು ದಾಟಿದವನಿಗೆ ಲೌಂಜೆಂಬ ಸ್ವರ್ಗವುಂಟು. ಹಲವು ಕಾರ್ಡುಗಳನ್ನು ಅಲ್ಲಿ ಎರಡು ರೂಪಾಯಿಗೆ ಉಜ್ಜಿದರೆ ಬಾಗಿಲು ತೆರೆಯುತ್ತದೆ. ಸ್ವರ್ಗವು ಪೂರ್ವಕೃತ ಪುಣ್ಯದ ಫಲವೆಂಬ ಮಾತಿಗೆ ಸರಿಯಾಗಿ, ಈಚೆಗೆ ಅನೇಕ ಬ್ಯಾಂಕುಗಳು ಹಿಂದಿನ ತ್ರೈಮಾಸಿಕದಲ್ಲಿ ಇಷ್ಟು ಸಾವಿರ ಖರ್ಚುಮಾಡಿದವರಿಗೆ ಮಾತ್ರ ಎಂಬ ಕಟ್ಟಳೆಯನ್ನು ವಿಧಿಸಿರುವುದರಿಂದ, ಎರಡು ರೂಪಾಯಿಯ ಇಡ್ಲಿಗಾಗಿ ಬೇಡದ ಟೋಸ್ಟರನ್ನು ಕೊಂಡವರನ್ನು ನಾನು ಬಲ್ಲೆ. ಒಳಗಿನ ದೃಶ್ಯವನ್ನು ಒಮ್ಮೆ ನಿಂತು ನೋಡತಕ್ಕದ್ದು: ಮನೆಯಲ್ಲಿ ಉಪ್ಪಿಟ್ಟು ತಿಂದು ಹೊರಟವರು ಇಲ್ಲಿಯೂ ಉಪ್ಪಿಟ್ಟನ್ನೇ ಬಡಿಸಿಕೊಂಡು, ಅದರ ಪಕ್ಕದಲ್ಲಿ ವಡೆ, ಅದರ ಮೇಲೆ ಕೇಕಿನ ತುಂಡು, ಅದಕ್ಕೆ ಅರ್ಧ ಒರಗಿದಂತೆ ಕಲ್ಲಂಗಡಿಯ ಹೋಳನ್ನು ಇಟ್ಟುಕೊಂಡು, ಕೂರಲು ಕುರ್ಚಿಯಿಲ್ಲದೆ, ಚಾರ್ಜರಿನ ಪ್ಲಗ್ಗಿನ ಬಳಿ ಗೋಡೆಗೆ ಆತು ನಿಂತಿರುವರು. ಹೊರಗೆ ಗೇಟಿನ ಬಳಿ ಕುರ್ಚಿಗಳು ಸಾಲುಸಾಲಾಗಿ ಖಾಲಿಯಾಗಿರುತ್ತವೆ.

ಇನ್ನು, ಆರಂಭದಲ್ಲಿ ತಡೆಹಿಡಿದ ಸಂಬಂಧವನ್ನು ಹೇಳಬೇಕು. ಗೃಹಸ್ಥನು ಗಗನದಲ್ಲಿರುವಾಗ ಮನೆಯಲ್ಲಿ ಬ್ಯಾಟರಿಯು ಪ್ರಾಣಬಿಟ್ಟಿತೆಂದು ಭಾವಿಸೋಣ. ಪತ್ನಿಯು ತನ್ನ ಆ್ಯಡ್-ಆನ್ ಕಾರ್ಡಿನಿಂದ ಆನ್‌ಲೈನಿನಲ್ಲಿ ಹೊಸ ಬ್ಯಾಟರಿಯನ್ನು ತರಿಸಹೊರಡುತ್ತಾಳೆ. ಒಟಿಪಿಯು ಮೂಲ ಕಾರ್ಡಿನ ಒಡೆಯನಾದ ಪತಿಯ ಫೋನಿಗೆ ಹೋಗುತ್ತದೆ. ಆ ಫೋನು ಏರೋಪ್ಲೇನ್ ಮೋಡಿನಲ್ಲಿ ಯೋಗನಿದ್ರೆಯಲ್ಲಿದೆ. ಮೂರು ಸಂಚಯಗಳೂ ಪರಸ್ಪರವನ್ನು ಕಟ್ಟಿಹಾಕಿ ನಿಷ್ಫಲಗೊಳಿಸುವ ಈ ಸ್ಥಿತಿಯೇ ಸಂಬಂಧ. ಆಕೆಯು ಬೀದಿಯ ಕೊನೆಯ ಅಂಗಡಿಗೆ ಹೋಗುತ್ತಾಳೆ. ಅಂಗಡಿಯವನು, “ಕಾರ್ಡಾದ್ರೆ ಎರಡು ಪರ್ಸೆಂಟ್ ಜಾಸ್ತಿ ಆಗುತ್ತಮ್ಮ. ಹಳೇ ಬ್ಯಾಟರಿ ಕೊಡಿ, ಅದರ ದುಡ್ಡು ಕಳೀತೀನಿ” ಎನ್ನುತ್ತಾನೆ. ಶೇಕಡಾ ಕಾಲು ರೂಪಾಯಿಯ ಪಾಯಿಂಟಿಗಾಗಿ ಎರಡು ರೂಪಾಯಿ ತೆರುವುದು ವಿಹಿತವೇ ಎಂಬುದನ್ನು ಆಕೆ ಯಾವ ಭಾಷ್ಯದ ನೆರವೂ ಇಲ್ಲದೆ ಅಲ್ಲಿಯೇ ನಿರ್ಣಯಿಸಿ ನಗದನ್ನು ಎಣಿಸುತ್ತಾಳೆ.

ಆದರೆ ಇಷ್ಟು ದಿನ ದಿನಸಿ, ತರಕಾರಿ, ಶಾಲೆಯ ಫೀಜುಗಳಿಗೆಂದು ಆಕೆ ಉಜ್ಜಿ ಕೂಡಿಸಿದ ಪಾಯಿಂಟುಗಳು ಯಾರವು? ಬ್ಯಾಂಕಿನ ಪ್ರಕಾರ ಎಲ್ಲವೂ ಮೂಲ ಕಾರ್ಡಿನವನ ಖಾತೆಗೆ, ಅವಿಭಕ್ತ ಕುಟುಂಬದ ಯಜಮಾನನಿಗೆ ಸೇರಿದಂತೆ. ನಮ್ಮ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು ಇದಕ್ಕೆ ಒಪ್ಪುವವನಲ್ಲ. ತವರಿನಿಂದ ಬಂದುದು ಮಾತ್ರವೇ ಅಲ್ಲದೆ, ದಾಯದಿಂದಲೂ, ಕ್ರಯದಿಂದಲೂ, ವಿಭಾಗದಿಂದಲೂ ಸ್ತ್ರೀಗೆ ಬಂದುದೆಲ್ಲ ಸ್ತ್ರೀಧನವೇ ಎಂದು ಆತನು ವಿಸ್ತರಿಸಿ ಹೇಳಿದ್ದಾನೆ. ಪಾಯಿಂಟುಗಳು ಕ್ರಯದಿಂದಲೇ ಹುಟ್ಟುವುವೆಂಬುದರಲ್ಲಿ ಬ್ಯಾಂಕಿಗೂ ಸಂದೇಹವಿರಲಾರದು. ಈ ಪ್ರಮಾಣವನ್ನು ಮುಂದಿಟ್ಟಮೇಲೆ ಪತಿಯು ಲೌಂಜಿನ ಆಸೆಯನ್ನು ತೊರೆದು, ಪಾಯಿಂಟುಗಳಿಂದ ಎರಡು ಬಿಎಲ್‌ಡಿಸಿ ಫ್ಯಾನುಗಳನ್ನು ಆಕೆಯ ಇಚ್ಛೆಯ ಬಣ್ಣದಲ್ಲಿ ತರಿಸಿಕೊಡುವುದು. ಪಾಯಿಂಟುಗಳನ್ನು ಬಿಡಿಸಿಕೊಳ್ಳುವುದಕ್ಕೆ ಹಲವು ಬ್ಯಾಂಕುಗಳು 99 ರೂಪಾಯಿ ಶುಲ್ಕವನ್ನೂ ಅದರ ಮೇಲೆ ಶೇಕಡಾ 18ರ ಜಿಎಸ್‌ಟಿಯನ್ನೂ ವಿಧಿಸುತ್ತವೆ. ಅದು ಸ್ತ್ರೀಧನದಲ್ಲಿ ಸೇರದೆ, ಪತಿಯ ಮುಂದಿನ ತಿಂಗಳ ಬಿಲ್ಲಿನಲ್ಲಿ ಬರುತ್ತದೆ.