ಪೆಟ್ಟಿಗೆಯೊಳಗೆ ಮದ್ದು ಬೇಡ, ಜಗಲಿಯಲ್ಲಿ ಮಾವ ಇದ್ದರೆ ಸಾಕು

ಅಮೆರಿಕದಲ್ಲಿ ಸಂಸಾರ ಹೂಡಿರುವ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯವರಿಗೆ ಊರಿನಲ್ಲಿ ಅಷ್ಟಾಗಿ ಕಾಣದ ಒಂದು ಕಷ್ಟ ಅಲ್ಲಿ ಉಂಟು. ಪಾರ್ಸೆಲ್ ತಂದವನು ಬಾಗಿಲು ತೆರೆಯುವ ತನಕ ಕಾಯುವುದಿಲ್ಲ. ಪೆಟ್ಟಿಗೆಯನ್ನು ಹೊಸ್ತಿಲ ಬುಡದಲ್ಲಿ ಇಟ್ಟು, ಮದುಮಗಳ ಫೋಟೋ ತೆಗೆಯುವಷ್ಟು ಶ್ರದ್ಧೆಯಿಂದ ಅದರ ಫೋಟೋ ತೆಗೆದು ಹೋಗಿಬಿಡುತ್ತಾನೆ. ಗಂಡ ಹೆಂಡತಿ ಆಫೀಸಿನಲ್ಲಿ, ಮಕ್ಕಳು ಶಾಲೆಯಲ್ಲಿ, ಬೀದಿಯಲ್ಲಿ ಬೊಗಳಲು ಒಂದು ನಾಯಿಯೂ ಇಲ್ಲ. ಸಂಜೆ ಬಂದು ನೋಡಿದರೆ ಮೊಬೈಲಿನಲ್ಲಿ ಫೋಟೋ ಉಂಟು, ಬಾಗಿಲಲ್ಲಿ ಪೆಟ್ಟಿಗೆ ಇಲ್ಲ. ಹೋದದ್ದು ಚಾರ್ಜರೋ ಚಪ್ಪಲಿಯೋ ಆದರೆ ಕಂಪನಿಯವರು ಇನ್ನೊಂದು ಕಳುಹಿಸಿಯಾರು. ಅತ್ತೆ ಊರಿನಿಂದ ಕಳುಹಿಸಿದ ಹಲಸಿನ ಹಪ್ಪಳವಾದರೆ ಅದಕ್ಕೆ ಬದಲಿ ಕೊಡುವ ಕಂಪನಿ ಭೂಮಿಯ ಮೇಲೆಯೇ ಇಲ್ಲ. ಮತ್ತೆ ಬೇಸಿಗೆ ಬರಬೇಕು, ಹಲಸು ಬಲಿಯಬೇಕು, ಅತ್ತೆಯ ಸೊಂಟನೋವು ಇಳಿಯಬೇಕು. ಸಿಟ್ಟು ಬರುವುದು ಸಹಜವೇ. ಆದರೆ ಮನೆಯಲ್ಲಿ ಇಬ್ಬರು ಇಂಜಿನಿಯರುಗಳಿದ್ದರೆ ಆ ಸಿಟ್ಟು ಪೊಲೀಸ್ ಠಾಣೆಯ ದಾರಿ ಹಿಡಿಯುವುದಿಲ್ಲ, ಸೀದಾ ಗ್ಯಾರೇಜಿಗೆ ಇಳಿಯುತ್ತದೆ. ಅಲ್ಲಿ ತಯಾರಾಗುವುದೇ ಸುಳ್ಳು ಪಾರ್ಸೆಲ್: ಹೊರಗೆ ಒಳ್ಳೆಯ ಕಂಪನಿಯ ಹೆಸರು, ಒಳಗೆ ಸ್ಪ್ರಿಂಗು, ಬ್ಯಾಟರಿ, ಬಣ್ಣ, ನಾತ. ಕಳ್ಳ ತೆಗೆದ ಕೂಡಲೇ ಅವನ ಮುಖದ ಮೇಲೆ ಎಲ್ಲವೂ ಹಾರಬೇಕು. ಈ ಉಪಾಯ ಕೇಳಲು ಚಂದ, ನೋಡಲು ಇನ್ನೂ ಚಂದ, ಆದರೆ ಕಳ್ಳತನ ತಡೆಯುವ ಕೆಲಸಕ್ಕೆ ಇದರಷ್ಟು ದಂಡದ್ದು ಇನ್ನೊಂದಿಲ್ಲ ಎಂಬುದು ಇಲ್ಲಿಯ ವಾದ.

ಮೊದಲು ಈ ವಿದ್ಯೆಯ ಗುರುಗಳನ್ನೇ ಸಾಕ್ಷಿಗೆ ಕರೆಯೋಣ. ನಾಸಾದಲ್ಲಿ ಒಂಬತ್ತು ವರ್ಷ ಕೆಲಸ ಮಾಡಿ, ಮಂಗಳ ಗ್ರಹಕ್ಕೆ ಹೋದ ಕ್ಯೂರಿಯಾಸಿಟಿ ನೌಕೆಗೆ ದುಡಿದ ಮಾರ್ಕ್ ರೋಬರ್ ಎಂಬ ಇಂಜಿನಿಯರ್ 2018ರ ಡಿಸೆಂಬರಿನಲ್ಲಿ ತನ್ನ ಸುಳ್ಳು ಪಾರ್ಸೆಲಿನ ವಿಡಿಯೋ ಹೊರಬಿಟ್ಟರು. ಮುಚ್ಚಳ ತೆಗೆದರೆ ಗ್ಲಿಟರ್ ಪುಡಿ ಸುತ್ತಲೂ ಎರಚುತ್ತದೆ, ದುರ್ನಾತದ ಸ್ಪ್ರೇ ಬುಸ್ಸೆನ್ನುತ್ತದೆ, ಒಳಗಿರುವ ನಾಲ್ಕು ಫೋನುಗಳು ಕಳ್ಳನ ಮುಖವನ್ನು ನಾಲ್ಕೂ ದಿಕ್ಕಿನಿಂದ ಚಿತ್ರೀಕರಿಸುತ್ತವೆ. ಲೋಕವೆಲ್ಲ ನಕ್ಕಿತು. ಕಳ್ಳರು ಮಾತ್ರ ನಿಲ್ಲಲಿಲ್ಲ. ಮರುವರ್ಷ ಎರಡನೆಯ ಮಾದರಿ ಬಂತು, ಅದರ ಮರುವರ್ಷ ಮೂರನೆಯದು. ಪ್ರತಿ ಡಿಸೆಂಬರಿಗೂ ಹೊಸ ಕಳ್ಳರು ಯಥೇಚ್ಛವಾಗಿ ಸಿಕ್ಕಿದರು. ಔಷಧ ಕೊಟ್ಟಷ್ಟೂ ರೋಗಿಗಳ ಸಾಲು ಉದ್ದವಾದರೆ ಅದನ್ನು ಚಿಕಿತ್ಸೆ ಎನ್ನುವುದಿಲ್ಲ, ಸೀರಿಯಲ್ ಎನ್ನುತ್ತಾರೆ. ಅಷ್ಟೇ ಅಲ್ಲ, ಮೊದಲ ವಿಡಿಯೋದಲ್ಲಿ ಸಿಕ್ಕಿಬಿದ್ದ ಕೆಲವರು ನಿಜವಾದ ಕಳ್ಳರಲ್ಲ, ಪೆಟ್ಟಿಗೆ ಇಟ್ಟುಕೊಳ್ಳಲು ಒಪ್ಪಿದವರ ಪರಿಚಯದವರೇ ಎಂದು ತಿಳಿದ ಮೇಲೆ ರೋಬರ್ ಆ ಭಾಗಗಳನ್ನು ತೆಗೆದುಹಾಕಿದರು. ಅದೇ ತಿಂಗಳು ನ್ಯೂಜೆರ್ಸಿಯ ಜೆರ್ಸಿ ಸಿಟಿ ಪೊಲೀಸರೂ ಅಮೆಜಾನ್ ಜತೆ ಸೇರಿ ಸುಳ್ಳು ಪೆಟ್ಟಿಗೆ ಇಟ್ಟರು. ಅದರೊಳಗೆ ಹಾರುವಂಥದ್ದು ಏನೂ ಇರಲಿಲ್ಲ, ಎಲ್ಲಿಗೆ ಹೋಯಿತೆಂದು ಹೇಳುವ ಜಿಪಿಎಸ್ ಮಾತ್ರ. ಒಂದು ಪೆಟ್ಟಿಗೆಯನ್ನು ಇಟ್ಟ ಮೂರೇ ನಿಮಿಷದಲ್ಲಿ ಎತ್ತಿದರಂತೆ. ಕಳ್ಳನನ್ನು ಕರೆಯಲು ಸುಳ್ಳು ಪೆಟ್ಟಿಗೆ ಬಹಳ ಒಳ್ಳೆಯದು, ಅದರಲ್ಲಿ ಸಂಶಯವಿಲ್ಲ. ನಮಗೆ ಬೇಕಾದದ್ದು ಅವನು ಬಾರದಿರುವುದು.

ಇನ್ನು ಕಾನೂನು. ಗ್ಲಿಟರ್ ತೊಳೆದರೆ ಹೋದೀತು, ಸರಿ. ಆದರೆ ಗ್ಯಾರೇಜಿಗೆ ಇಳಿದ ಸಿಟ್ಟು ಗ್ಲಿಟರಿನಲ್ಲಿಯೇ ನಿಲ್ಲುತ್ತದೆ ಎಂಬ ಖಾತ್ರಿ ಏನು? ಇವತ್ತು ಬಣ್ಣ, ನಾಳೆ ಮೆಣಸಿನ ಪುಡಿ, ನಾಡಿದ್ದು ಕರೆಂಟು. ಅಮೆರಿಕದ ಅಯೋವಾ ರಾಜ್ಯದಲ್ಲಿ ಬ್ರೈನಿ ದಂಪತಿಗೆ ಒಂದು ಖಾಲಿ ತೋಟದ ಮನೆ ಇತ್ತು. ಪದೇ ಪದೇ ಕಳ್ಳರು ನುಗ್ಗಿದ್ದರಿಂದ 1967ರಲ್ಲಿ ಗಂಡ ಮಲಗುವ ಕೋಣೆಯ ಬಾಗಿಲಿಗೆ ತಂತಿ ಎಳೆದು ಕೋವಿ ಕಟ್ಟಿದ. ಹೊಟ್ಟೆಗೆ ಗುರಿಯಿಟ್ಟಿದ್ದನ್ನು ಕಾಲಿಗೆ ಇಳಿಸಿದ್ದು ಹೆಂಡತಿಯ ಸಲಹೆ ಎಂದು ತೀರ್ಪಿನಲ್ಲಿಯೇ ದಾಖಲಾಗಿದೆ; ದಾಂಪತ್ಯದಲ್ಲಿ ಹೆಂಗಸಿನ ಮಾತು ಕೇಳಿದ್ದರಿಂದ ಕೊಲೆ ಆರೋಪವೊಂದು ತಪ್ಪಿತು. ಹಳೇ ಬಾಟಲಿ, ಭರಣಿ ಕದಿಯಲು ಬಂದ ಕಾಟ್ಕೋ ಎಂಬವನ ಕಾಲು ಛಿದ್ರವಾಯಿತು. ಅವನು ದಾವೆ ಹೂಡಿದ. 1971ರಲ್ಲಿ ಅಯೋವಾದ ಸುಪ್ರೀಂ ಕೋರ್ಟು ಕಳ್ಳನಿಗೆ 30,000 ಡಾಲರ್ ಪರಿಹಾರ ಕೊಡಬೇಕೆಂಬ ತೀರ್ಪನ್ನು ಎತ್ತಿಹಿಡಿಯಿತು. ಅದಕ್ಕಾಗಿ ಬ್ರೈನಿಯವರು 80 ಎಕರೆ ಜಮೀನು ಮಾರಬೇಕಾಯಿತು. ಖಾಲಿ ಬಾಟಲಿಗೆ 80 ಎಕರೆ! ಬೆಳ್ತಂಗಡಿಯಲ್ಲಿ ಗಡಿಕಲ್ಲು ಒಂದಡಿ ಆಚೆ ಸರಿದದ್ದಕ್ಕೆ ಮೂರು ತಲೆಮಾರು ಕೋರ್ಟಿಗೆ ಅಲೆಯುವವರಿಗೆ ಇದಕ್ಕಿಂತ ದೊಡ್ಡ ದುರಂತಕಥೆ ಬೇಕಿಲ್ಲ. ಮನುಷ್ಯನಿಗೆ ತೀವ್ರ ಗಾಯ ಮಾಡುವ ಇಂಥ ಉರುಳನ್ನು ಒಡ್ಡುವುದೇ ಕ್ಯಾಲಿಫೋರ್ನಿಯಾದಲ್ಲಿ ಪ್ರತ್ಯೇಕ ಅಪರಾಧ. ನಮ್ಮಲ್ಲಿಯೂ ಸ್ವತ್ತನ್ನು ಕಾಪಾಡುವ ಹಕ್ಕು ಇದೆ, ಅಗತ್ಯಕ್ಕಿಂತ ಹೆಚ್ಚಿನ ಪೆಟ್ಟು ಕೊಡುವ ಹಕ್ಕು ಇಲ್ಲ. ಹಳೇ ದಂಡಸಂಹಿತೆ ಹೇಳುತ್ತಿದ್ದದ್ದೂ ಅದನ್ನೇ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಹೇಳುವುದೂ ಅದನ್ನೇ.

ಕಾನೂನಿಗಿಂತ ಮೊದಲೇ ಈ ಪಾಠವನ್ನು ಹಂದಿಗಳು ನಮ್ಮ ಊರುಗಳಿಗೆ ಕಲಿಸಿವೆ. ಕಾಡಂಚಿನ ತೋಟಗಳಲ್ಲಿ ಹಂದಿಗೆ ಬೆಡಿ ಕಟ್ಟುವುದು, ತಿಂಡಿಯೊಳಗೆ ಸಿಡಿಮದ್ದು ಇಡುವುದು, ಬೇಲಿಗೆ ಕರೆಂಟು ಹಾಯಿಸುವುದು ಗುಟ್ಟಿನಲ್ಲಿ ನಡೆದುಬಂದ ವಿದ್ಯೆಗಳು. ಹಂದಿಗೆ ಒಡ್ಡಿದ್ದಕ್ಕೆ ದನ ಸಿಕ್ಕಿದ್ದುಂಟು, ನಾಯಿ ಸಿಕ್ಕಿದ್ದುಂಟು, ಸೌದೆಗೆ ಹೋದ ಮನುಷ್ಯ ಸಿಕ್ಕಿದ್ದೂ ಉಂಟು. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡು ಜಿಲ್ಲೆಯಲ್ಲಿ ಸಿಡಿಮದ್ದು ತುಂಬಿದ ತಿಂಡಿಗೆ ಬಾಯಿಟ್ಟು ಸತ್ತದ್ದು ಗಬ್ಬದ ಆನೆ. ಉರುಳಿಗೆ ಮುಖಪರಿಚಯವಿಲ್ಲ. ಅಮೆರಿಕದ ಬಾಗಿಲಲ್ಲಿ ಇಟ್ಟ ಪೆಟ್ಟಿಗೆಯನ್ನು ಕಳ್ಳನೇ ಎತ್ತಬೇಕೆಂದೇನಿಲ್ಲ. ಮಳೆ ಬರುತ್ತದೆಂದು ಒಳಗಿಡಲು ಬಂದ ಪಕ್ಕದ ಮನೆಯ ಮುದುಕಿ ಎತ್ತಬಹುದು, ಶಾಲೆಯಿಂದ ಬಂದ ನಿಮ್ಮದೇ ಮಗ ಎತ್ತಬಹುದು. ನಮ್ಮಂಥ ಹೆಸರು, ಮೈಬಣ್ಣದವರಿಗೆ ಇನ್ನೊಂದು ಗಂಡಾಂತರವೂ ಉಂಟು. 2015ರ ಸೆಪ್ಟೆಂಬರಿನಲ್ಲಿ ಟೆಕ್ಸಾಸಿನ ಇರ್ವಿಂಗ್‌ನಲ್ಲಿ ಸುಡಾನ್ ಮೂಲದ 14 ವರ್ಷದ ಹುಡುಗ ತಾನೇ ಜೋಡಿಸಿದ ಗಡಿಯಾರವನ್ನು ಶಾಲೆಗೆ ಒಯ್ದ. ಬಾಂಬಿನ ಹಾಗೆ ಕಾಣುತ್ತದೆಂದು ಪೊಲೀಸರು ಅವನ ಕೈಗೆ ಕೋಳ ಹಾಕಿದರು. ಸಮಯ ಹೇಳುವ ಪೆಟ್ಟಿಗೆಗೇ ಈ ಗತಿಯಾದರೆ, ವೀಸಾದ ಮೇಲೆ ಇರುವವರು ತಂತಿ, ಬ್ಯಾಟರಿ ತುಂಬಿದ ಪೆಟ್ಟಿಗೆಯನ್ನು ಬಾಗಿಲ ಹೊರಗಿಟ್ಟು ಅದು ಬರೀ ತಮಾಷೆಗೆ ಎಂದರೆ ನಂಬುವವರು ಯಾರು ಮಾರಾಯ್ರೆ?

ಹಾಗಾದರೆ ಊರಿನಲ್ಲಿ ಸ್ವತ್ತು ಉಳಿಯುವುದು ಹೇಗೆ? ಬಂಟ್ವಾಳದ ಕಡೆ ಚಾಲಿ ಮಾಡುವವರು ಹಣ್ಣಡಿಕೆಯನ್ನು ಸುಮಾರು 40 ದಿನ ಅಂಗಳದಲ್ಲಿ ಒಣಗಿಸುತ್ತಾರೆ. ಕೆ.ಜಿ.ಗೆ 400 ರೂಪಾಯಿ ದಾಟಿದ ಕಾಲದಲ್ಲಿ ಅದು ಲಕ್ಷಗಟ್ಟಲೆ ದುಡ್ಡು, ಆಕಾಶದ ಕೆಳಗೆ ಬಿದ್ದುಕೊಂಡಿರುತ್ತದೆ. ಅದರ ಅಡಿಯಲ್ಲಿ ಸ್ಪ್ರಿಂಗಿಲ್ಲ, ಗ್ಲಿಟರಿಲ್ಲ. ಇರುವುದು ಅಡಿಕೆ ಮಗುಚಲು ಬರುವ ಹೆಂಗಸರು, ಚಾವಡಿಯಲ್ಲಿ ಕುಳಿತ ಅಜ್ಜ, ಯಾರು ಬಂದರೂ ಬೊಗಳುವ ನಾಯಿ. ಕದ್ದರೂ ಅದನ್ನು ಮಾರಬೇಕಲ್ಲ? ತೋಟವೇ ಇಲ್ಲದವನು ಎರಡು ಗೋಣಿ ಚಾಲಿ ತಂದರೆ ಅಂಗಡಿಯವನು ತೂಕಕ್ಕಿಂತ ಮೊದಲು ಕುಲಗೋತ್ರ ಕೇಳುತ್ತಾನೆ. ಪಾರ್ಸೆಲಿನ ಕಥೆಯೂ ಹಾಗೆಯೇ. ಹಳ್ಳಿ ಮನೆಗೆ ರಸ್ತೆಯಿಂದ ಅರ್ಧ ಮೈಲಿ ಇಳಿಜಾರು, ಕೊರಿಯರಿನವನು ಇಳಿಯುವುದಿಲ್ಲ. ಫೋನ್ ಮಾಡುತ್ತಾನೆ, ಗೂಡಂಗಡಿಯಲ್ಲೋ ಹಾಲಿನ ಸೊಸೈಟಿಯಲ್ಲೋ ಕೊಟ್ಟು ಹೋಗುತ್ತಾನೆ. ಅಲ್ಲಿ ಅದು ಎರಡು ದಿನ ಬಾಳೆಗೊನೆಯ ಪಕ್ಕ ಕೂತರೂ ಯಾರೂ ಮುಟ್ಟುವುದಿಲ್ಲ. ಮುಟ್ಟುವುದಿಲ್ಲ ಎಂದರೆ ತಪ್ಪಾಯಿತು: ಎಲ್ಲರೂ ಮುಟ್ಟುತ್ತಾರೆ, ಅಲುಗಾಡಿಸುತ್ತಾರೆ, ತೂಕ ನೋಡುತ್ತಾರೆ, ಒಳಗೆ ಏನಿರಬಹುದೆಂದು ಚರ್ಚಿಸುತ್ತಾರೆ. ಒಯ್ಯುವುದಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಊರಿನಲ್ಲಿ ಸ್ವತ್ತು ಉಳಿಯುವುದು ನೆರೆಕರೆಯವರ ಕಣ್ಣಿನಿಂದಲ್ಲ, ದೈವದ ಹೆದರಿಕೆಯಿಂದ; ದೈವವೂ ಒಂದು ಬಗೆಯ ಉರುಳೇ ಅಲ್ಲವೇ ಎಂದು. ವಿಚಾರ ಮಾಡಬೇಕಾದ ಮಾತು. ಏನಾದರೂ ಕಳೆದುಹೋದರೆ ಕೊರಗಜ್ಜನಿಗೆ ಚಕ್ಕುಲಿ, ವೀಳ್ಯ ಹೇಳಿಕೊಳ್ಳುವುದು, ಬಂಟ್ವಾಳ ತಾಲೂಕಿನ ಪಣೋಲಿಬೈಲಿನ ಕಲ್ಲುರ್ಟಿಗೆ ಅಗೇಲು ಹರಕೆ ಹೊರುವುದು, ತಗಾದೆ ಬೆಳೆದರೆ ಧರ್ಮಸ್ಥಳದ ಆಣೆಯ ಮಾತೆತ್ತುವುದು ತುಳುನಾಡಿನ ರೂಢಿ. ಆದರೆ ಈ ವ್ಯವಸ್ಥೆಯ ಜಾಣತನ ಹೆದರಿಸುವುದರಲ್ಲಿ ಮುಗಿಯುವುದಿಲ್ಲ. ಕದ್ದವನಿಗೆ ಹಿಂದೆ ಬರಲು ಅದು ಒಂದು ದಾರಿ ಬಿಟ್ಟಿರುತ್ತದೆ. ರಾತ್ರಿ ಬಂದು ಸದ್ದಿಲ್ಲದೆ ಇಟ್ಟು ಹೋಗಬಹುದು, ತಪ್ಪುಕಾಣಿಕೆ ಹಾಕಿ ಕೈಮುಗಿಯಬಹುದು. ಮಾಲು ಮಾಲೀಕನಿಗೆ ಸಿಗುತ್ತದೆ, ಕಳ್ಳನ ಮಾನವೂ ಉಳಿಯುತ್ತದೆ. ಗ್ಲಿಟರ್ ಪೆಟ್ಟಿಗೆಯಲ್ಲಿ ಈ ಎರಡೂ ಇಲ್ಲ. ಲಕ್ಷಾಂತರ ಜನ ಕಳ್ಳನ ಮುಖ ನೋಡಿ ನಗುತ್ತಾರೆ, ಹಪ್ಪಳ ಮಾತ್ರ ಹೋದದ್ದು ಹೋಯಿತು. ಬಯ್ದಷ್ಟೇ ಲಾಭ.

ಇನ್ನೊಂದು ಆಕ್ಷೇಪ: ನಿಮ್ಮ ಊರಿನಲ್ಲಿ ಕಳ್ಳರೇ ಇಲ್ಲವೇ? ಧಾರಾಳ ಇದ್ದಾರೆ. 2013ರ ಜುಲೈಯಲ್ಲಿ ಮೂಡುಬಿದಿರೆಯ ಸಿದ್ಧಾಂತ ಬಸದಿಯಿಂದ ಅಮೂಲ್ಯ ಜಿನಬಿಂಬಗಳೇ ಕಳುವಾದವು. ದೇವರ ಭಯ ಆ ರಾತ್ರಿ ಕೆಲಸ ಮಾಡಲಿಲ್ಲ. ಕೊನೆಗೆ ಪೊಲೀಸರ ತನಿಖೆಯೇ ಹಲವು ಬಿಂಬಗಳನ್ನು ಮರಳಿ ತಂದಿತು. ಈ ಘಟನೆ ನನ್ನ ವಾದವನ್ನು ಮುರಿಯುವುದಿಲ್ಲ, ಅದರ ಎಲ್ಲೆ ತೋರಿಸುತ್ತದೆ. ನೆರೆಕರೆಯ ಕಣ್ಣು ಎಚ್ಚರವಿದ್ದಷ್ಟು ಹೊತ್ತು ಮಾತ್ರ ಕಾಯುತ್ತದೆ. ರಾತ್ರಿಗೆ ಬೀಗ ಬೇಕು, ಪೊಲೀಸರು ಬೇಕು. ಆದರೆ ಅಮೆರಿಕದ ಬಾಗಿಲಲ್ಲಿ ಪಾರ್ಸೆಲ್ ಅನಾಥವಾಗಿ ಕೂರುವುದು ಹಾಡುಹಗಲಿನಲ್ಲಿ. ಮೂರನೆಯ ಆಕ್ಷೇಪ ಗುಟ್ಟಿನದು. ಗೂಡಂಗಡಿಯಲ್ಲಿ ಪಾರ್ಸೆಲ್ ಇಟ್ಟರೆ ಯಾರ ಮನೆಗೆ ಏನು ಬಂತೆಂದು ಊರಿಗೆಲ್ಲ ಗೊತ್ತಾಗುತ್ತದೆ, ಮಗಳಿಗೆ ಗಂಡು ಗೊತ್ತಾಯಿತೇ ಎಂಬ ಪ್ರಶ್ನೆಯೂ ಪೆಟ್ಟಿಗೆಯ ಜತೆಗೇ ಬರುತ್ತದೆ. ನಿಜ, ಅದು ಕಾವಲಿನ ಬಾಡಿಗೆ. ಯಾರೂ ನಮ್ಮನ್ನು ನೋಡದ ಬೀದಿ ಬೇಕೆಂದು ಸಾಲ ಮಾಡಿ ಮನೆ ಕೊಂಡವರು, ಆ ಬೀದಿಯಲ್ಲಿ ಕಳ್ಳನನ್ನೂ ಯಾರೂ ನೋಡಲಿಲ್ಲವೆಂದು ದೂರಿದರೆ ಹೇಗೆ?

ಪರದೇಶದಲ್ಲಿ ಇದೆಲ್ಲ ಆಗದ ಮಾತು ಎನ್ನುವವರಿಗೆ ಗಲ್ಫ್ ಕಡೆ ಬೊಟ್ಟು ಮಾಡಬೇಕು. ದುಬೈಗೆ ಹೋದ ಬಂಟ್ವಾಳದವರಿಗೆ ಬಹಳ ಕಾಲ ಮನೆಬಾಗಿಲ ಅಂಚೆಯೇ ಇರಲಿಲ್ಲ, ಟಪಾಲೆಲ್ಲ ಅಂಚೆಪೆಟ್ಟಿಗೆಯ ನಂಬರಿಗೆ. ಸಾಮಾನು ಬೇಕಾದರೆ ಊರಿಗೆ ಹೋಗಿಬರುವವರ ಕೈಯಲ್ಲಿ. ಅಟ್ಟೆಪೆಟ್ಟಿಗೆಗೆ ಟೇಪು ಸುತ್ತಿ, ನೈಲಾನ್ ಹಗ್ಗ ಬಿಗಿದು, ನಾಲ್ಕೂ ಬದಿಗೆ ಹೆಸರು ಬರೆದ ಮೇಲೆ ಅದನ್ನು ಬಿಚ್ಚುವುದು ಮಾಲೀಕನಿಗೇ ಕಷ್ಟ, ಕಳ್ಳನ ಪಾಡು ಕೇಳಬೇಡಿ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಎಂಬುದೇ ಅಲ್ಲಿಯ ಭದ್ರತೆ. ಅಮೆರಿಕದವರೂ ಸುತ್ತುಬಳಸಿ ಅಲ್ಲಿಗೇ ಬಂದಿದ್ದಾರೆ. 2011ರಿಂದ ಅಮೆಜಾನ್ ಅಂಗಡಿಗಳಲ್ಲಿ ಲಾಕರ್ ಇಡತೊಡಗಿತು: ಪಾರ್ಸೆಲ್ ಅಂಗಡಿಗೆ ಬರುತ್ತದೆ, ನೀವು ಹೋಗಿ ತಂದುಕೊಳ್ಳಬೇಕು. ಅಂದರೆ ನಮ್ಮ ಗೂಡಂಗಡಿಯೇ, ಬಾಳೆಗೊನೆ ಮತ್ತು ಚರ್ಚೆ ಎರಡನ್ನು ಕಳೆದು.

ಇದಕ್ಕಿಂತಲೂ ಒಳ್ಳೆಯ ಸಾಧನ ಹೊರನಾಡ ಕನ್ನಡ ಸಂಸಾರಗಳ ಬಳಿ ಆಗಲೇ ಉಂಟು: ಆರು ತಿಂಗಳಿಗೆಂದು ಊರಿನಿಂದ ಬಂದ ಮಾವ. ನಿವೃತ್ತ ಮೇಷ್ಟರೋ ಬ್ಯಾಂಕಿನವರೋ ಆಗಿದ್ದವರು, ಕಾರು ಓಡಿಸಲಾರರು, ಬಸ್ಸಿಲ್ಲ, ಮಾತಾಡಿಸುವವರಿಲ್ಲ. ಜಗಲಿಯಲ್ಲಿ ಒಂದು ಕುರ್ಚಿ ಹಾಕಿಕೊಟ್ಟರೆ ಎಂಟು ದಿನದಲ್ಲಿ ಬೀದಿಯ ಯಾವ ಕಾರು ಯಾರದು, ಅಂಚೆಯವಳು ಎಷ್ಟು ಹೊತ್ತಿಗೆ ಬರುತ್ತಾಳೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಬ್ಯಾಟರಿ ಬೇಡ, ಚಾರ್ಜಿಂಗ್ ಬೇಡ, ಎರಡು ಹೊತ್ತು ಕಾಫಿ ಸಾಕು. ಹಿರಿಯರನ್ನು ವಾಚ್‌ಮನ್ ಮಾಡುವುದೇ ಎಂದು ಮೂಗು ಮುರಿಯುವವರು, ಅದೇ ಹಿರಿಯರನ್ನು ಮೊಮ್ಮಗುವಿನ ಡೈಪರಿಗೂ ಅಡಿಗೆಮನೆಗೂ ಹಚ್ಚಿದಾಗ ಸುಮ್ಮನಿದ್ದವರೇ. ಜಗಲಿಯಲ್ಲಿ ಕೂರುವುದನ್ನು ನಮ್ಮ ಕಡೆ ಯಾರೂ ಉದ್ಯೋಗವೆಂದು ಲೆಕ್ಕ ಹಾಕಿಲ್ಲ. ಮಾವ ಊರಿಗೆ ಮರಳಿದ ಮೇಲೆ ಏನು ಗತಿ ಎಂದರೆ, ಅಷ್ಟರಲ್ಲಿ ಎದುರುಮನೆಯವರ ಪರಿಚಯವನ್ನೂ ಅವರೇ ಮಾಡಿಕೊಟ್ಟಿರುತ್ತಾರೆ. ಆದ್ದರಿಂದ ಗ್ಯಾರೇಜಿಗೆ ಇಳಿಯುವ ಮೊದಲು ಒಂದು ಡಬ್ಬಿ ಕೋಡುಬಳೆ ಹಿಡಿದು ಪಕ್ಕದ ಮನೆಗೆ ಹೋಗಿ, ಹೆಸರು ಹೇಳಿ, ಫೋನ್ ನಂಬರ್ ಕೊಟ್ಟು ಬನ್ನಿ. ಅವರ ಪಾರ್ಸೆಲನ್ನು ನೀವು ಎತ್ತಿಡಿ, ನಿಮ್ಮದನ್ನು ಅವರು ಎತ್ತಿಡುತ್ತಾರೆ. ಹಪ್ಪಳ ಬಂದ ದಿನ ಅವರಿಗೂ ನಾಲ್ಕು ಕರಿದು ಕೊಡಿ.