ಕಾದ ಹೌಸಿಂಗು, ತಣ್ಣನೆ ಸಲಹೆ

ಮೇ ತಿಂಗಳ ಬಳ್ಳಾರಿಯಲ್ಲಿ ಕಾಯದ ವಸ್ತು ಯಾವುದು? 40 ಡಿಗ್ರಿ ದಾಟುವ ಊರಿದು. ಗಾಂಧಿನಗರದಲ್ಲಿ ನಿಂತು ಡ್ರೈವರಪ್ಪ ‘ಲಾರಿ ಹಿಂದಿನ ಆಕ್ಸಲ್ ಹೌಸಿಂಗ್ ಕಾದೈತಿ’ ಅಂದರೆ, ‘ನಮ್ಮ ತಲೀನೂ ಕಾದೈತಿ, ಕುಂದ್ರಪ್ಪ’ ಅನ್ನುವವರೇ ಎಲ್ಲ.

ಸಲಹೆಗೇನೂ ಬರವಿಲ್ಲ. ಒಬ್ಬ ಹೌಸಿಂಗಿಗೆ ನೀರು ಚಿಮುಕಿಸಿ, ‘ಚುರ್’ ಅಂದದ್ದೇ ದೋಸೆ ಭಟ್ಟರಂತೆ ತಲೆದೂಗುತ್ತಾನೆ. ಇನ್ನೊಬ್ಬ, ‘ಆಯಿಲ್ ಹಾಕಣ್ಣ!’ ಆಯಿಲ್ ಹೆಚ್ಚಾದರೂ ಗೇರುಗಳು ಕಡೆದು ಕಡೆದು ಬಿಸಿ ಮಾಡುತ್ತವೆ ಅಂದರೆ ನಂಬುವವರಾರು? ಬಿಸಿ ಎಲ್ಲಿದೆ ಅಂತ ಮೊದಲು ನೋಡಬೇಕು. ಒಂದೇ ಚಕ್ರದ ಡ್ರಮ್ಮು ಸುಡುತ್ತಿದ್ದರೆ ಬ್ರೇಕು ಹಿಡಿದಿರಬೇಕು, ಇಲ್ಲವೇ ಹಬ್ ಬೇರಿಂಗ್ ಕೆಟ್ಟಿರಬೇಕು. ಪಿನಿಯನ್ ಮೂತಿ ಸುಟ್ಟರೆ ಅಲ್ಲಿನ ಬೇರಿಂಗಿನ ಮೇಲೆ ಅನುಮಾನ. ಮೊನ್ನೆಯಷ್ಟೇ ಬಿಚ್ಚಿ ಕಟ್ಟಿದ್ದಾದರೆ ಬಿಗಿ ಜಾಸ್ತಿಯಾಗಿರಬಹುದು. ಪಾಪ, ಹೌಸಿಂಗಿನ ಗಾಳಿ ಹೊರಬಿಡುವ ಬ್ರೀದರನ್ನು ಕೇಳುವವರೇ ಇಲ್ಲ. ಸಂಡೂರಿನ ಕೆಂಧೂಳು ಅದರ ಬಾಯಿ ಮುಚ್ಚಿದರೆ, ಒಳಗಿನ ಒತ್ತಡ ಸೀಲನ್ನು ದಾಟಿ ಆಯಿಲನ್ನೇ ಹೊರದೂಡುತ್ತದೆ. ಓವರ್‌ಲೋಡಿನ ಮಾತು ಬಂದಾಗ ಮಾತ್ರ ಎಲ್ಲರಿಗೂ ಚಹಾ ನೆನಪಾಗುತ್ತದೆ!

ಆಯಿಲ್ ಎಷ್ಟಿದೆ ಅಂತ ತಿಳಿಯಲು ಲಾರಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಫಿಲ್ಲರ್ ಬೋಲ್ಟ್ ಬಿಚ್ಚಿ ನೋಡಿ. ಸಾಮಾನ್ಯವಾಗಿ ಆಯಿಲ್ ತೂತಿನ ಕೆಳಅಂಚಿಗಿರಬೇಕು. ಬೋಲ್ಟಿಗೆ ಕೈ ಹಾಕುವ ಮುಂಚೆಯೇ ತಣ್ಣಗಾಗಲು ಬಿಡಿ ಮಾರಾಯರೇ.